ಕಚ್ಚಿಕೊಂಡ ಕೀಲು

ಯಂತ್ರಗಳ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಅವುಗಳ ಜನನವನ್ನು ಕುರಿತೇ ಬರೆದಿದ್ದಾರೆ. ಯಾವ ವರ್ಷ ಯಾರು ಏನನ್ನು ನಿರ್ಮಿಸಿದರು, ಅದರಿಂದ ಎಷ್ಟು ಮಂದಿಯ ದುಡಿಮೆ ಎಷ್ಟು ಮಂದಿಯ ಕೈಗೆ ಇಳಿಯಿತು ಎಂಬ ವಿವರಗಳು ನಮಗೆ ಧಾರಾಳವಾಗಿ ದೊರೆಯುತ್ತವೆ. ಆದರೆ ಹುಟ್ಟಿದ ಯಂತ್ರಕ್ಕೆ ಮುಪ್ಪೂ ಉಂಟು. ಅದು ಕೆಲಸ ಮುಗಿಸಿ ಮೂಲೆ ಸೇರುತ್ತದೆ. ಮಳೆಗಾಲದ ತೇವವನ್ನು ಹೀರುತ್ತದೆ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಅಗ್ಗದ ಬೆಲೆಗೆ ಸಾಗುತ್ತದೆ. ಹೊಸ ಒಡೆಯ ಅದರ ಹಿಡಿಯನ್ನು ತಿರುಗಿಸಲು ಹೋದಾಗ ಅದು ಅಲುಗುವುದೇ ಇಲ್ಲ. ಕಸಬುದಾರರ ಮಾತಿನಲ್ಲಿ ಹೇಳುವುದಾದರೆ, ಅದು ಕಚ್ಚಿಕೊಂಡಿದೆ. ಆ ಗಳಿಗೆಯಲ್ಲಿ ಯಂತ್ರದ ಹಣೆಬರಹ ನಿರ್ಧಾರವಾಗುತ್ತದೆ. ಕೀಲು ಬಿಟ್ಟರೆ ಅದಕ್ಕೆ ಕೆಲಸದ ಬೆಲೆ. ಬಿಡದಿದ್ದರೆ ಗುಜರಿಯವನ ತಕ್ಕಡಿಯಲ್ಲಿ ತೂಕದ ಬೆಲೆ. ಮರಗೆಲಸದ ಹಳೆಯ ಯಂತ್ರಗಳನ್ನು ನಿದರ್ಶನವಾಗಿ ಇಟ್ಟುಕೊಂಡು, ಹೀಗೆ ಕಚ್ಚಿಕೊಳ್ಳುವುದರ ಮತ್ತು ಬಿಡಿಸುವುದರ ಚರಿತ್ರೆಯನ್ನು ಸ್ವಲ್ಪಮಟ್ಟಿಗೆ ಪರಿಶೀಲಿಸುವುದು ಈ ಭಾಷಣದ ಉದ್ದೇಶ.

ಕಥೆ ಆರಂಭವಾಗುವುದು ಇಂಗ್ಲೆಂಡಿನ ಪೋರ್ಟ್ಸ್‌ಮತ್ ಬಂದರಿನಲ್ಲಿ. ಹಾಯಿಹಡಗಿನ ಹಗ್ಗಗಳನ್ನು ಎಳೆಯಲು, ನಮ್ಮ ಬಾವಿಯ ರಾಟೆಯಂತಹ ಮರದ ರಾಟೆಗಳು ನೂರಾರು ಬೇಕಾಗುತ್ತಿದ್ದವು. ಎಪ್ಪತ್ತನಾಲ್ಕು ಫಿರಂಗಿಗಳ ಒಂದು ಯುದ್ಧನೌಕೆಗೆ ಸುಮಾರು ೯೦೦ ರಾಟೆಗಳು ಬೇಕಿದ್ದವೆಂದರೆ, ನೆಪೋಲಿಯನ್ನನೊಡನೆ ಯುದ್ಧದಲ್ಲಿ ತೊಡಗಿದ್ದ ಬ್ರಿಟಿಷ್ ನೌಕಾಪಡೆಯ ಒಟ್ಟು ಅಗತ್ಯವನ್ನು ಊಹಿಸಬಹುದು. ನೌಕಾಕಾಮಗಾರಿಗಳ ಮುಖ್ಯಾಧಿಕಾರಿಯಾಗಿದ್ದ ಸ್ಯಾಮ್ಯುಯೆಲ್ ಬೆಂಥಾಮ್ ೧೭೯೩ರಲ್ಲೇ ಮರಗೆಲಸದ ಯಂತ್ರಗಳಿಗೆ ವಿಸ್ತಾರವಾದ ಒಂದು ಪೇಟೆಂಟ್ ಪಡೆದಿದ್ದ. ತತ್ತ್ವಜ್ಞಾನಿ ಜೆರೆಮಿ ಬೆಂಥಾಮನ ತಮ್ಮ ಈತ. ಅಣ್ಣ ಯೋಜಿಸಿದ್ದ ಆದರ್ಶ ಸೆರೆಮನೆಯಲ್ಲಿ ಕೈದಿಗಳಿಂದ ಈ ಯಂತ್ರಗಳನ್ನು ನಡೆಸಬೇಕೆಂಬ ಆಲೋಚನೆಯೂ ಆ ಸೋದರರಿಗಿತ್ತು. ಫ್ರಾನ್ಸಿನ ಕ್ರಾಂತಿಯಿಂದ ತಪ್ಪಿಸಿಕೊಂಡು ಅಮೆರಿಕದ ಮಾರ್ಗವಾಗಿ ೧೭೯೯ರಲ್ಲಿ ಇಂಗ್ಲೆಂಡಿಗೆ ಬಂದ ಮಾರ್ಕ್ ಇಸಂಬಾರ್ಡ್ ಬ್ರುನೆಲ್ ರಾಟೆ ತಯಾರಿಸುವ ಯಂತ್ರಗಳ ಸರಣಿಯೊಂದನ್ನು ರೂಪಿಸಿದ. ಹೆನ್ರಿ ಮಾಡ್ಸ್ಲಿ ಎಂಬ ಅಸಾಧಾರಣ ಕುಶಲಿ ಅವನ್ನು ಲೋಹದಲ್ಲಿ ಕಟ್ಟಿಕೊಟ್ಟ. ೧೮೦೮ರ ವೇಳೆಗೆ ಈ ಕಾರ್ಖಾನೆ ವರ್ಷಕ್ಕೆ ೧,೩೦,೦೦೦ ರಾಟೆಗಳನ್ನು ತಯಾರಿಸುತ್ತಿತ್ತು. ನುರಿತ ೧೧೦ ಮಂದಿಯ ಕೆಲಸವನ್ನು ೧೦ ಮಂದಿ ಸಾಮಾನ್ಯ ಆಳುಗಳು ಮಾಡುತ್ತಿದ್ದರು.

ಇಷ್ಟನ್ನು ಎಲ್ಲ ಗ್ರಂಥಗಳೂ ಹೇಳುತ್ತವೆ. ನಮ್ಮ ಇಂದಿನ ವಿಷಯಕ್ಕೆ ಬೇಕಾದ ಸಂಗತಿಗಳು ಇನ್ನೆರಡು. ಮೊದಲನೆಯದು, ಈ ಯಂತ್ರಗಳ ಚೌಕಟ್ಟುಗಳು ಲೋಹದವು. ಅದಕ್ಕೆ ಹಿಂದಿನ ಯಂತ್ರಗಳ ಮೈಯೆಲ್ಲ ಬಹುಪಾಲು ಮರವಾಗಿತ್ತು. ಕೀಲು ಸಡಿಲಾಗಿರುತ್ತಿತ್ತು, ಬಿಗಿಯಾದರೆ ಬೆಣೆ ತೆಗೆದು ಮತ್ತೆ ಹೊಡೆದರೆ ಸಾಕಾಗಿತ್ತು. ಈಗ ಕಬ್ಬಿಣದೊಳಗೆ ಕಬ್ಬಿಣ ಕೂದಲೆಳೆಯ ಸಂದಿನಲ್ಲಿ ಜಾರತೊಡಗಿತು. ಎರಡನೆಯದು, ಈ ಯಂತ್ರಗಳಲ್ಲಿ ಕೆಲವು ೧೯೬೦ರ ದಶಕದವರೆಗೂ, ಎಂದರೆ ಒಂದೂವರೆ ಶತಮಾನಕ್ಕೂ ಮಿಗಿಲಾಗಿ, ಕೆಲಸ ಮಾಡುತ್ತಲೇ ಇದ್ದವು. ಅವುಗಳಲ್ಲಿ ಕೆಲವನ್ನು ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯ ಕಾಪಾಡಿಕೊಂಡು ಬಂದಿದೆ. ಇಷ್ಟು ದೀರ್ಘಕಾಲ ಸಮುದ್ರದ ಉಪ್ಪುಗಾಳಿಯಲ್ಲಿದ್ದ ಯಂತ್ರ ಕಚ್ಚಿಕೊಳ್ಳದೆ ಉಳಿದದ್ದು ಹೇಗೆ? ಅದು ನಡೆಯುತ್ತಿತ್ತು, ದಿನವೂ ಅದಕ್ಕೆ ಎಣ್ಣೆ ಬೀಳುತ್ತಿತ್ತು ಎಂಬುದೇ ಉತ್ತರ. ಯಂತ್ರವನ್ನು ಸವೆಸುವುದು ದುಡಿಮೆ. ಅದನ್ನು ಕಚ್ಚಿಸುವುದು ವಿಶ್ರಾಂತಿ.

ಹಳೆಯ ಮರಗೆಲಸದ ಯಂತ್ರವೊಂದನ್ನು ಬಲ್ಲವರು ಈ ಮಾತನ್ನು ಇನ್ನಷ್ಟು ಸೂಕ್ಷ್ಮವಾಗಿ ಹೇಳಬಲ್ಲರು. ಚಕ್ರಗರಗಸದ ಅಲಗು ಕೂತ ದಂಡ ಹತ್ತಾರು ವರ್ಷಗಳ ಮೇಲೂ ಅನೇಕ ವೇಳೆ ಸರಾಗವಾಗಿ ತಿರುಗುತ್ತದೆ. ಕಚ್ಚಿಕೊಂಡಿರುವುದು ಮೇಜನ್ನು ಏರಿಸಿ ಇಳಿಸುವ ತಿರುಪು, ಕೋನ ಬದಲಿಸುವ ಹಿಡಿ, ಒಂದು ಅಳತೆಗೆ ನಿಲ್ಲಿಸಿ ಮರೆತುಬಿಟ್ಟ ಜಾರುಪಟ್ಟಿ. ದಿನನಿತ್ಯ ಬಳಕೆಯಾದದ್ದು ಉಳಿದಿದೆ; ಎಂದೋ ಒಮ್ಮೆ ಬೇಕಾಗುವುದು ಹೆಪ್ಪುಗಟ್ಟಿದೆ. ಪೋರ್ಟ್ಸ್‌ಮತ್ತಿನ ಯಂತ್ರಗಳಲ್ಲಿ ಒಂದೊಂದಕ್ಕೂ ಒಂದೇ ಕೆಲಸ. ಮುಂದಿನ ಕಾಲದ ಯಂತ್ರಗಳು ಹಾಗಲ್ಲ. ಅಮೆರಿಕದಲ್ಲಿ ವಿಲಿಯಂ ವುಡ್‌ವರ್ತ್ ೧೮೨೮ರಲ್ಲಿ ಹಲಗೆ ಹೆರೆಯುವ ಯಂತ್ರಕ್ಕೆ ಪೇಟೆಂಟ್ ಪಡೆದ. ಆ ಶತಮಾನ ಮುಂದುವರಿದಂತೆ ಒಂದೇ ಯಂತ್ರ ಬಗೆಬಗೆಯ ದಪ್ಪಕ್ಕೆ, ಕೋನಕ್ಕೆ, ಆಳಕ್ಕೆ ಹೊಂದಿಕೊಳ್ಳಬೇಕೆಂಬ ಅಪೇಕ್ಷೆ ಬೆಳೆಯಿತು. ಹೊಂದಿಕೆ ಹೆಚ್ಚಿದಷ್ಟೂ ತಿರುಪುಗಳು ಹೆಚ್ಚಿದವು. ತಿರುಪುಗಳು ಹೆಚ್ಚಿದಷ್ಟೂ ಕಚ್ಚಿಕೊಳ್ಳುವ ತಾಣಗಳು ಹೆಚ್ಚಿದವು.

ಕಚ್ಚಿಸುವ ಶಕ್ತಿ ಯಾವುದು? ಕನ್ನಡದಲ್ಲಿ ಇದಕ್ಕೆ ಎರಡು ಸೊಗಸಾದ ಮಾತುಗಳಿವೆ. ಕಬ್ಬಿಣಕ್ಕೆ ಹಿಡಿಯುವುದು ತುಕ್ಕು. ತಾಮ್ರಕ್ಕೆ, ಹಿತ್ತಾಳೆಗೆ, ಕಂಚಿಗೆ ಹಿಡಿಯುವುದು ಕಿಲುಬು. ಹುಳಿ ಬಿದ್ದ ಹಿತ್ತಾಳೆಯ ಪಾತ್ರೆಯನ್ನು ಕಂಡ ನಮ್ಮ ಹೆಂಗಸರು ಎಂದೂ ಅದಕ್ಕೆ ತುಕ್ಕು ಹಿಡಿಯಿತೆನ್ನುವುದಿಲ್ಲ. ರಸಾಯನಶಾಸ್ತ್ರ ಅನಂತರ ಕಂಡುಕೊಂಡ ಭೇದವನ್ನು ನುಡಿ ಮೊದಲೇ ಗುರುತಿಸಿಕೊಂಡಿದೆ. ಆದರೆ ತುಕ್ಕು ಎಂದರೇನೆಂಬುದನ್ನು ಯೂರೋಪಿನ ಪಂಡಿತರು ಬಹುಕಾಲ ತಲೆಕೆಳಗಾಗಿ ತಿಳಿದಿದ್ದರು. ಲೋಹದಿಂದ ಫ್ಲೋಜಿಸ್ಟನ್ ಎಂಬ ತತ್ತ್ವ ಹೊರಟುಹೋದಾಗ ಉಳಿಯುವ ಬೂದಿಯೇ ತುಕ್ಕೆಂದು ಹದಿನೆಂಟನೆಯ ಶತಮಾನದಲ್ಲಿ ನಂಬಲಾಗಿತ್ತು. ಅಂದರೆ ಅದೊಂದು ನಷ್ಟ. ಲಾವೋಸಿಯೆ ೧೭೭೦ರ ದಶಕದಲ್ಲಿ ತಕ್ಕಡಿ ಹಿಡಿದು ನಡೆಸಿದ ಪ್ರಯೋಗಗಳಿಂದ ಇದಕ್ಕೆ ವಿರುದ್ಧವಾದ ಸತ್ಯ ಹೊರಬಂತು. ಸುಟ್ಟ ಲೋಹ ಹಗುರಾಗುವುದಿಲ್ಲ, ಭಾರವಾಗುತ್ತದೆ. ಗಾಳಿಯ ಒಂದು ಅಂಶ ಅದನ್ನು ಸೇರಿಕೊಂಡಿರುತ್ತದೆ. ತುಕ್ಕಿನ ವಿಷಯವೂ ಹೀಗೆಯೇ.

ಈ ಸೇರ್ಪಡೆಯಲ್ಲೇ ನಮ್ಮ ಸಮಸ್ಯೆಯ ಬೀಜವಿದೆ. ಕಬ್ಬಿಣ ತುಕ್ಕಾದಾಗ ಅದು ಆಕ್ರಮಿಸುವ ಜಾಗ ಮೂಲ ಲೋಹದ ಎರಡು ಪಟ್ಟನ್ನೂ ಮೀರುತ್ತದೆ. ಬಯಲಲ್ಲಿ ನಿಂತ ಕಬ್ಬಿಣಕ್ಕೆ ಇದರಿಂದ ಮೇಲ್ಮೈ ಹೊಪ್ಪಳಿಸೀತು, ಅಷ್ಟೆ. ಆದರೆ ನಟ್ಟು ಮತ್ತು ಬೋಲ್ಟುಗಳ ನಡುವಣ ಸಂದಿನಲ್ಲಿ ಹುಟ್ಟಿದ ತುಕ್ಕಿಗೆ ಹೋಗಲು ದಾರಿಯಿಲ್ಲ. ಅದು ಉಬ್ಬಿ ಎರಡು ಗೋಡೆಗಳನ್ನೂ ಒತ್ತುತ್ತದೆ. ಕೇಂಬ್ರಿಡ್ಜಿನ ಯು. ಆರ್. ಇವಾನ್ಸ್ ೧೯೨೦ರ ದಶಕದಲ್ಲಿ ಇನ್ನೊಂದು ವಿಚಿತ್ರವನ್ನು ಸ್ಪಷ್ಟಪಡಿಸಿದರು. ಒದ್ದೆಯಾದ ಕಬ್ಬಿಣದಲ್ಲಿ ಗಾಳಿ ಚೆನ್ನಾಗಿ ಆಡುವ ಭಾಗಕ್ಕಿಂತ ಗಾಳಿ ತಲುಪದ ಇರುಕಿನ ಭಾಗವೇ ಹೆಚ್ಚು ತಿನ್ನಲ್ಪಡುತ್ತದೆ. ಎರಡರ ನಡುವೆ ಒಂದು ಪುಟ್ಟ ವಿದ್ಯುತ್ಕೋಶವೇ ಏರ್ಪಡುತ್ತದೆ. ದಿಲ್ಲಿಯ ಕಬ್ಬಿಣದ ಸ್ತಂಭ ಸಾವಿರದ ಆರುನೂರು ವರ್ಷಗಳಿಂದ ಹೆಚ್ಚು ಕೆಡದೆ ನಿಂತಿರುವುದಕ್ಕೆ ಅದರ ಕಬ್ಬಿಣದಲ್ಲಿರುವ ರಂಜಕ ಮುಖ್ಯ ಕಾರಣವೆಂದು ವಿದ್ವಾಂಸರು ಹೇಳುತ್ತಾರೆ. ನಮ್ಮ ಕೊಡಚಾದ್ರಿಯ ಮೇಲೂ ಅಂತಹ ಒಂದು ಕಬ್ಬಿಣದ ಕಂಬ ಮಲೆನಾಡಿನ ಮಳೆಯನ್ನೆಲ್ಲ ಮೈಮೇಲೆ ಸುರಿಸಿಕೊಂಡು ನಿಂತಿದೆ. ಕಂಬಕ್ಕೆ ಇನ್ನೊಂದು ಭಾಗ್ಯವೂ ಉಂಟು: ಅದಕ್ಕೆ ಕೀಲಿಲ್ಲ, ಸಂದಿಲ್ಲ. ಯಂತ್ರವಾದರೋ ಸಂದುಗಳಿಂದಲೇ ಯಂತ್ರ. ಯಾವ ಸೂಕ್ಷ್ಮವಾದ ಸಂದಿನಿಂದ ಅದಕ್ಕೆ ನಿಖರತೆ ಬಂತೋ ಅದೇ ಸಂದು ಅದನ್ನು ಕಟ್ಟಿಹಾಕುತ್ತದೆ.

ಮರಗೆಲಸದ ಯಂತ್ರಕ್ಕೆ ತುಕ್ಕಿನ ಜತೆಗೆ ಇನ್ನೆರಡು ಶತ್ರುಗಳು. ಒಂದು, ಮರದ ಹೊಟ್ಟು. ಅದು ತಿರುಪಿನ ಸುರುಳಿಗಳಲ್ಲಿ ಮೆತ್ತಿಕೊಂಡು ಗಾಳಿಯ ತೇವವನ್ನು ಹೀರಿ ಹಿಡಿದಿಡುತ್ತದೆ. ಓಕ್ ಮುಂತಾದ ಮರಗಳಲ್ಲಿ ಟ್ಯಾನಿನ್ ಎಂಬ ಒಗರಿನ ದ್ರವ್ಯವಿದ್ದು, ಒದ್ದೆ ಕಬ್ಬಿಣ ತಾಗಿದ ಕಡೆ ಕಪ್ಪು ಕಲೆ ಮೂಡುತ್ತದೆ. ನಮ್ಮ ಬಣ್ಣಗಾರರು ಅಳಲೆಕಾಯಿಯ ಒಗರಿಗೆ ಕಬ್ಬಿಣದ ರಸ ಕೂಡಿಸಿ ಬಟ್ಟೆಗೆ ಕಪ್ಪು ಕಟ್ಟುತ್ತಿದ್ದುದೂ, ಯೂರೋಪಿನ ಲಿಪಿಕಾರರು ಓಕ್ ಮರದ ಗಂಟುಕಾಯಿಯಿಂದ ಮಸಿ ಮಾಡಿಕೊಳ್ಳುತ್ತಿದ್ದುದೂ ಇದೇ ರಸಾಯನ. ಸ್ವಾರಸ್ಯವೆಂದರೆ, ಇಂದು ವಸ್ತುಸಂಗ್ರಹಾಲಯಗಳಲ್ಲಿ ಶುಚಿಗೊಳಿಸಿದ ಹಳೆಯ ಕಬ್ಬಿಣಕ್ಕೆ ಟ್ಯಾನಿಕ್ ಆಮ್ಲವನ್ನೇ ಸವರಿ, ಉಳಿದ ತುಕ್ಕನ್ನು ಸ್ಥಿರವಾದ ಕಪ್ಪು ಲೇಪವಾಗಿ ಮಾರ್ಪಡಿಸುತ್ತಾರೆ. ಹಿಂದೆ ಗ್ರಂಥವನ್ನು ಬರೆದ ಮಸಿ ಈಗ ಯಂತ್ರವನ್ನು ಕಾಯುತ್ತಿದೆ.

ಎರಡನೆಯ ಶತ್ರು ಎಣ್ಣೆ. ಇದು ಅಚ್ಚರಿಯ ಮಾತಾಗಿ ತೋರಬಹುದು. ಬಂಡಿಯ ಅಚ್ಚಿಗೆ ಕೀಲೆಣ್ಣೆ ಎರೆಯುವ ನಮ್ಮ ರೈತನಿಗೆ ಎಣ್ಣೆ ಮಿತ್ರನೇ. ಆದರೆ ಎಲ್ಲ ಎಣ್ಣೆಯೂ ಎಂದೆಂದಿಗೂ ಎಣ್ಣೆಯಾಗಿ ಉಳಿಯುವುದಿಲ್ಲ. ಅಗಸೆ ಎಣ್ಣೆ ಗಾಳಿಯಿಂದ ಆಮ್ಲಜನಕ ಹೀರಿ ಗಟ್ಟಿ ಪೊರೆಯಾಗುತ್ತದೆ. ಚಿತ್ರಕಾರರು ಅದನ್ನು ಬಣ್ಣಕ್ಕೆ ಬೆರೆಸುವುದು ಆ ಗುಣಕ್ಕಾಗಿಯೇ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ೧೮೫೯ರಲ್ಲಿ ಡ್ರೇಕನ ಬಾವಿಯಿಂದ ಕಲ್ಲೆಣ್ಣೆ ಹೊರಬಂದು ಖನಿಜತೈಲದ ಯುಗ ಆರಂಭವಾಗುವ ತನಕ, ಯಂತ್ರಗಳಿಗೆ ದೊರೆಯುತ್ತಿದ್ದುದು ಪ್ರಾಣಿಗಳ ಕೊಬ್ಬು, ತಿಮಿಂಗಿಲದ ಎಣ್ಣೆ ಮತ್ತು ಬೀಜಗಳ ಎಣ್ಣೆ. ಇವುಗಳಲ್ಲಿ ಹಲವು ಕಾಲಕ್ರಮದಲ್ಲಿ ಹುಳಿತು ಲೋಹವನ್ನು ತಿನ್ನುತ್ತವೆ, ಇಲ್ಲವೆ ಅಂಟಾಗಿ ಗಟ್ಟಿಗೊಳ್ಳುತ್ತವೆ. ಹೀಗೆ, ಕಚ್ಚದಿರಲೆಂದು ಒಬ್ಬ ಎರೆದ ಎಣ್ಣೆಯೇ ಅವನ ಮೊಮ್ಮಗನ ಕಾಲಕ್ಕೆ ಕಚ್ಚಿಸುವ ಅಂಟಾಗಿಬಿಡುತ್ತದೆ. ಅಂತಹ ಕಡೆ ತುಕ್ಕಿನ ಔಷಧ ಫಲಿಸದು. ಸೀಮೆಎಣ್ಣೆಯಂತಹ ಕರಗಿಸುವ ದ್ರವವೇ ಬೇಕು. ರೋಗ ಯಾವುದೆಂದು ತಿಳಿಯದೆ ಮದ್ದು ಕೊಡಲಾಗದು.

ಬಿಡಿಸುವ ವಿದ್ಯೆಗೆ ಬರೋಣ. ಬಲವನ್ನು ಪ್ರಯೋಗಿಸುವುದು ಎಲ್ಲರಿಗೂ ತೋರುವ ಮೊದಲ ಉಪಾಯ. ಅದರ ಅಪಾಯವೂ ಮೊದಲನೆಯದೇ. ಈ ಯಂತ್ರಗಳ ಮೈ ಎರಕದ ಕಬ್ಬಿಣದ್ದು, ನಮ್ಮವರು ಬೀಡು ಎಂದು ಕರೆಯುವಂಥದು. ಎಷ್ಟು ಭಾರ ಹೇರಿದರೂ ತಾಳುವ ಬೀಡು ಎಳೆತಕ್ಕೂ ಪೆಟ್ಟಿಗೂ ಬಗ್ಗದು, ಒಮ್ಮೆಗೇ ಸೀಳುತ್ತದೆ. ಸೀಳಿದ ಬೀಡನ್ನು ಬೆಸೆಯುವುದು ನುರಿತವರಿಗೂ ಕಷ್ಟ. ಹಳೆಯ ಕಾಲದಲ್ಲಿ ಈ ಅಪಾಯ ಇನ್ನೂ ದೊಡ್ಡದಾಗಿತ್ತು. ಮಾಡ್ಸ್ಲಿ ಸುಮಾರು ೧೮೦೦ರಲ್ಲಿ ತಿರುಪು ಕೊರೆಯುವ ಲೇತನ್ನು ಪರಿಷ್ಕರಿಸುವ ಮೊದಲು ಪ್ರತಿಯೊಂದು ನಟ್ಟಿಗೂ ಅದರದೇ ಬೋಲ್ಟು ಜೋಡಿ. ಒಂದು ಮುರಿದರೆ ಇನ್ನೊಂದು ವಿಧವೆ. ಮಾಡ್ಸ್ಲಿಯ ಕಾರ್ಖಾನೆಯಲ್ಲಿ ಪಳಗಿದ ಜೋಸೆಫ್ ವಿಟ್‌ವರ್ತ್ ೧೮೪೧ರಲ್ಲಿ ೫೫ ಡಿಗ್ರಿ ಕೋನದ ತಿರುಪಿನ ಮಾನವನ್ನು ಸೂಚಿಸಿದ. ಅಮೆರಿಕದಲ್ಲಿ ವಿಲಿಯಂ ಸೆಲರ್ಸ್ ೧೮೬೪ರಲ್ಲಿ ೬೦ ಡಿಗ್ರಿಯ ಬೇರೊಂದು ಮಾನವನ್ನು ಮುಂದಿಟ್ಟ. ಭಾರತ ೧೯೫೬ರ ಕಾಯಿದೆಯಿಂದ ಮೆಟ್ರಿಕ್ ಪದ್ಧತಿಗೆ ತಿರುಗಿತು. ಆದರೆ ಅದಕ್ಕೆ ಹಿಂದೆ ಇಲ್ಲಿಗೆ ಬಂದ ಇಂಗ್ಲೆಂಡಿನ ಯಂತ್ರಗಳ ಮೈಯಲ್ಲಿ ವಿಟ್‌ವರ್ತನ ತಿರುಪುಗಳೇ ಇರುತ್ತಿದ್ದವು. ಅವುಗಳಿಗೆ ಮಿಲಿಮೀಟರಿನ ಸ್ಪ್ಯಾನರ್ ಹಾಕಿ ಬಲವಾಗಿ ಎಳೆದರೆ ನಟ್ಟಿನ ಮೂಲೆಗಳು ಸವೆದು ದುಂಡಗಾಗುತ್ತವೆ. ಬಳಿಕ ಹಿಡಿಯುವುದಕ್ಕೇ ಏನೂ ಉಳಿಯುವುದಿಲ್ಲ.

ಇನ್ನೊಂದು ಸಂಗತಿ ಉಂಟು. ಕಚ್ಚಿಕೊಂಡಿದೆ ಎಂದು ನಾವು ಭಾವಿಸಿದ್ದು ಕಚ್ಚಿಕೊಂಡೇ ಇರದಿರಬಹುದು. ಸೈಕಲ್ಲಿನ ಎಡಗಡೆಯ ಪೆಡಲ್ಲು ಲೋಕರೂಢಿಗೆ ವಿರುದ್ಧ ದಿಕ್ಕಿನಲ್ಲಿ ಬಿಚ್ಚುತ್ತದೆಂಬುದು ಸೈಕಲ್ ಅಂಗಡಿಯ ಹುಡುಗನಿಗೆ ಗೊತ್ತು. ಅನೇಕ ಚಕ್ರಗರಗಸಗಳಲ್ಲಿ ಅಲಗನ್ನು ಹಿಡಿದಿಟ್ಟ ನಟ್ಟೂ ಹಾಗೆಯೇ. ಅಲಗು ತಿರುಗುವ ಭರದಲ್ಲಿ ಸಡಿಲವಾಗದಿರಲೆಂದು ಅದಕ್ಕೆ ಎಡಮುರಿಯ ಸುರುಳಿ ಕೊರೆದಿರುತ್ತಾರೆ. ತಿಳಿಯದವನು ಬಿಚ್ಚುವೆನೆಂದು ಶಕ್ತಿಯೆಲ್ಲ ಸುರಿದು ಅದನ್ನು ಬಿಗಿ ಮಾಡುತ್ತಾ ಹೋಗುತ್ತಾನೆ. ಗಾಲಿಯನ್ನು ದಂಡಕ್ಕೆ ಹಿಡಿದಿಡುವ ತಲೆಯಿಲ್ಲದ ಪುಟ್ಟ ತಿರುಪಿನ ಕೆಳಗೆ ಅದೇ ತೂತಿನಲ್ಲಿ ಇನ್ನೊಂದು ತಿರುಪು ಅಡಗಿರುವುದುಂಟು. ಮೇಲಿನದನ್ನು ತೆಗೆದು ಗಾಲಿ ಬರಲಿಲ್ಲವೆಂದು ಬಡಿದವರು ಗಾಲಿಯನ್ನೇ ಒಡೆದಿದ್ದಾರೆ. ಆದ್ದರಿಂದ ಬಲ್ಲವನು ಸುತ್ತಿಗೆಗೆ ಕೈಹಾಕುವ ಮುನ್ನ ಯಂತ್ರವನ್ನು ಓದುತ್ತಾನೆ. ಇದನ್ನು ಕಟ್ಟಿದವನು ಯಾವ ಕ್ರಮದಲ್ಲಿ ಕಟ್ಟಿರಬೇಕು, ಯಾವುದನ್ನು ಕೊನೆಗೆ ಸೇರಿಸಿರಬೇಕು ಎಂದು ಆಲೋಚಿಸುತ್ತಾನೆ.

ಓದಿದ ಮೇಲೆ ಎಣ್ಣೆ. ಕಚ್ಚಿದ ಸಂದು ಎಷ್ಟೇ ಇರುಕಾಗಿದ್ದರೂ ತುಕ್ಕಿನಲ್ಲಿ ಸೂಕ್ಷ್ಮ ರಂಧ್ರಗಳಿರುತ್ತವೆ. ದೀಪದ ಬತ್ತಿಯಲ್ಲಿ ಎಣ್ಣೆ ತಾನಾಗಿ ಮೇಲೇರುವಂತೆ, ತೆಳುವಾದ ಎಣ್ಣೆ ಆ ರಂಧ್ರಗಳಲ್ಲಿ ಹರಿಯುತ್ತದೆ. ಆದರೆ ಗಂಟೆಗಳಲ್ಲ, ದಿನಗಳೇ ಬೇಕಾದಾವು. ಅಮೆರಿಕದ ಸ್ಯಾನ್ ಡಿಯಾಗೊದ ಒಂದು ಸಣ್ಣ ಸಂಸ್ಥೆ ೧೯೫೩ರಲ್ಲಿ ತಯಾರಿಸಿದ ಡಬ್ಲ್ಯುಡಿ-೪೦ ಎಂಬ ದ್ರವ ಇಂದು ಎಲ್ಲ ಊರುಗಳ ಹಾರ್ಡ್‌ವೇರ್ ಅಂಗಡಿಗಳಲ್ಲೂ ಪರಿಚಿತ. ನೀರನ್ನು ಹೊರದೂಡುವ ದ್ರವಕ್ಕಾಗಿ ನಡೆಸಿದ ನಲವತ್ತನೆಯ ಪ್ರಯತ್ನವೆಂಬುದೇ ಆ ಹೆಸರಿನ ಅರ್ಥ. ಅಟ್ಲಾಸ್ ಕ್ಷಿಪಣಿಯ ಹೊರಮೈಯನ್ನು ತುಕ್ಕಿನಿಂದ ಕಾಯಲು ಅದು ಬಳಕೆಗೆ ಬಂತು. ಬಡಗಿಯ ಯಂತ್ರದ ತಿರುಪನ್ನು ಬಿಡಿಸುವ ಕೆಲಸ ಅದಕ್ಕೆ ಆಮೇಲೆ ಒದಗಿದ್ದು.

ಎಣ್ಣೆಯಿಂದ ಸಾಲದಾದರೆ ಬೆಂಕಿ. ಇಲ್ಲಿ ನಮ್ಮ ಹಳ್ಳಿಯ ಕಮ್ಮಾರನೇ ಗುರು. ಬಂಡಿಯ ಗಾಲಿಗೆ ಪಟ್ಟಿ ಹಾಕುವಾಗ ಅವನು ಕಬ್ಬಿಣವನ್ನು ಕೆಂಪಗೆ ಕಾಯಿಸಿ ಹಿಗ್ಗಿಸುತ್ತಾನೆ, ಮರದ ಮೇಲೆ ಕೂರಿಸಿ ನೀರು ಸುರಿದು ಕುಗ್ಗಿಸುತ್ತಾನೆ. ಕಚ್ಚಿದ ಕೀಲಿಗೆ ಇದರ ಮೊದಲ ಅರ್ಧವೇ ಸಾಕು: ಹೊರಗಿನ ಬಳೆಯನ್ನು ಕಾಯಿಸಬೇಕು, ಒಳಗಿನ ದಂಡ ತಣ್ಣಗಿರಬೇಕು. ೨೫ ಮಿಲಿಮೀಟರ್ ಅಗಲದ ರಂಧ್ರವುಳ್ಳ ಕಬ್ಬಿಣದ ಬಳೆಯನ್ನು ೨೦೦ ಡಿಗ್ರಿ ಹೆಚ್ಚು ಕಾಯಿಸಿದರೆ ರಂಧ್ರ ಹಿಗ್ಗುವುದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಪಾಲಿನಷ್ಟು ಮಾತ್ರ. ಕಣ್ಣಿಗೆ ಕಾಣದ ಆ ಹಿಗ್ಗು ತುಕ್ಕಿನ ಹಿಡಿತವನ್ನು ಮುರಿಯಬಲ್ಲದು. ಬಿಸಿಯಿರುವಾಗಲೇ ಸಂದಿಗೆ ಮೇಣ ಮುಟ್ಟಿಸಿದರೆ ಅದು ಕರಗಿ ಒಳಗಿಳಿಯುತ್ತದೆ. ಕಾದಾಗಲೇ ಕಬ್ಬಿಣ ಬಡಿ ಎಂಬ ಗಾದೆ ಇಲ್ಲಿ ಸಲ್ಲದು, ಕಾದಾಗ ಕಾಯಬೇಕು.

ಆದರೆ ಬೆಂಕಿಯನ್ನೂ ಎಲ್ಲೆಂದರಲ್ಲಿ ಹಿಡಿಯುವಂತಿಲ್ಲ. ಹಳೆಯ ಮರಗೆಲಸದ ಯಂತ್ರಗಳಲ್ಲಿ ದಂಡ ತಿರುಗುವ ಬೇರಿಂಗುಗಳನ್ನು ಮೆದುವಾದ ಮಿಶ್ರಲೋಹ ಎರೆದು ಮಾಡುತ್ತಿದ್ದರು. ಐಸಾಕ್ ಬ್ಯಾಬಿಟ್ ೧೮೩೯ರಲ್ಲಿ ಪೇಟೆಂಟ್ ಪಡೆದ ಈ ಬಗೆಯ ಬೇರಿಂಗಿನ ಲೋಹದಲ್ಲಿ ಬಹುಪಾಲು ತವರ, ಜತೆಗೆ ಆಂಟಿಮನಿ ಮತ್ತು ತಾಮ್ರ. ಸುಮಾರು ೨೪೦ ಡಿಗ್ರಿಗೆ ಅದು ಕರಗತೊಡಗುತ್ತದೆ. ಪಕ್ಕದ ಒಂದು ನಟ್ಟನ್ನು ಬಿಡಿಸುವ ಆತುರದಲ್ಲಿ ಬೆಂಕಿ ಹಿಡಿದವನು ಯಂತ್ರದ ಜೀವನಾಡಿಯನ್ನೇ ಕರಗಿಸಿ ನೆಲಕ್ಕೆ ಹರಿಸಿಬಿಡಬಹುದು.

ಎಣ್ಣೆ ಬೆಂಕಿಗಳೆರಡೂ ಸಲ್ಲದ ಕಡೆ ಇನ್ನೊಂದು ಮಾರ್ಗವಿದೆ. ಅದರ ಮೂಲ ಮೈಕೇಲ್ ಫ್ಯಾರಡೆ ೧೮೩೦ರ ದಶಕದಲ್ಲಿ ವಿದ್ಯುತ್ತಿನಿಂದ ದ್ರಾವಣಗಳನ್ನು ವಿಭಜಿಸಿ ಕಂಡುಕೊಂಡ ನಿಯಮಗಳಲ್ಲಿದೆ. ಬರ್ಲಿನ್ನಿನ ವಸ್ತುಸಂಗ್ರಹಾಲಯಗಳ ಪ್ರಯೋಗಾಲಯಕ್ಕೆ ೧೮೮೮ರಲ್ಲಿ ಮುಖ್ಯಸ್ಥನಾದ ಫ್ರೀಡ್ರಿಷ್ ರಾತ್ಗೆನ್ ಪ್ರಾಚೀನ ಲೋಹವಸ್ತುಗಳ ರಕ್ಷಣೆಗೆ ಈ ಕ್ರಮವನ್ನು ಬಳಸಿದ. ೧೮೯೮ರಲ್ಲಿ ಆ ಶಾಸ್ತ್ರವನ್ನು ಕುರಿತು ಗ್ರಂಥವನ್ನೇ ಬರೆದ. ಅಮೆರಿಕದ ಅಂತರ್ಯುದ್ಧದ ಕಬ್ಬಿಣದ ಕವಚದ ಹಡಗು ಮಾನಿಟರ್ ೧೮೬೨ರ ಡಿಸೆಂಬರ್ ೩೧ರಂದು ಮುಳುಗಿತು. ಅದರ ಉಗಿಯಂತ್ರವನ್ನು ೨೦೦೧ರಲ್ಲೂ ಫಿರಂಗಿಗಳ ಗೋಪುರವನ್ನು ೨೦೦೨ರಲ್ಲೂ ಮೇಲೆತ್ತಿದರು. ಕ್ಷಾರದ್ರಾವಣದ ತೊಟ್ಟಿಗಳಲ್ಲಿ ಅವನ್ನು ಮುಳುಗಿಸಿ, ಮಂದವಾದ ವಿದ್ಯುತ್ತನ್ನು ಹಾಯಿಸಿ, ಒಳಗೆ ಸೇರಿದ ಉಪ್ಪನ್ನು ಹೊರಗೆಳೆಯುವ ಕೆಲಸ ವರ್ಷಗಟ್ಟಲೆ ನಡೆದಿದೆ. ಸಣ್ಣ ಕಾರ್ಖಾನೆಯವನು ಬಕೆಟ್ಟಿನಲ್ಲಿ ವಾಷಿಂಗ್ ಸೋಡಾ ಕರಗಿಸಿ, ಬ್ಯಾಟರಿ ಚಾರ್ಜರಿನ ತಂತಿ ಸೇರಿಸಿ ತನ್ನ ಹತ್ತರಿಯಂತ್ರದ ಬಿಡಿಭಾಗವನ್ನು ರಾತ್ರಿಯೆಲ್ಲ ನೆನೆಹಾಕಿದಾಗ ಮಾಡುವುದೂ ಅದೇ ತತ್ತ್ವದ ಪ್ರಯೋಗ.

ಈ ಎಲ್ಲ ಉಪಾಯಗಳಲ್ಲಿ ಸಮಾನವಾದ ಒಂದು ಗುಣವಿದೆ. ಕೀಲನ್ನು ಹಿಡಿದಿರುವುದು ಯಾವುದೆಂದು ಮೊದಲು ತಿಳಿಯುವುದು, ಅನಂತರ ಆ ಹಿಡಿತವನ್ನು ಮಾತ್ರ ಸಡಿಲಿಸುವುದು. ನಮ್ಮ ಸಾಹಿತ್ಯದ ಕ್ಷೇತ್ರದಲ್ಲೂ ಇದು ಅಪರಿಚಿತವಲ್ಲ. ಒಂದಕ್ಕೊಂದು ಅಂಟಿಕೊಂಡ ತಾಳೆಗರಿಗಳ ಕಟ್ಟು ಕೈಗೆ ಬಂದಾಗ, ಅವಸರದಿಂದ ಕಿತ್ತರೆ ಎಲೆಯ ಜತೆಗೆ ಅಕ್ಷರವೂ ಕಿತ್ತುಬರುತ್ತದೆ. ಹದವಾದ ತೇವ ಕೊಟ್ಟು, ಎಣ್ಣೆ ಸವರಿ, ಒಂದೊಂದೇ ಗರಿಯನ್ನು ಬಿಡಿಸಿದವರಿಂದ ನಮಗೆ ಕಾವ್ಯಗಳು ಉಳಿದಿವೆ. ಅಂಥ ಸಂಪಾದಕರ ಹೆಸರುಗಳು ಗ್ರಂಥಗಳ ಮೊದಲ ಪುಟಗಳಲ್ಲಾದರೂ ಅಚ್ಚಾಗಿವೆ. ಕಚ್ಚಿದ ಯಂತ್ರಗಳನ್ನು ಬಿಡಿಸಿ ಮತ್ತೆ ದುಡಿಮೆಗೆ ಹಚ್ಚಿದ ಫಿಟ್ಟರುಗಳ, ಮಿಸ್ತ್ರಿಗಳ ಹೆಸರುಗಳು ಎಲ್ಲೂ ಇಲ್ಲ. ಅವರ ವಿದ್ಯೆ ಬಹುಮಟ್ಟಿಗೆ ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ಬಂದದ್ದು. ಕಲಿಯುವ ಕೈ ಇಲ್ಲದಿದ್ದರೆ ಅದು ಯಂತ್ರಕ್ಕಿಂತಲೂ ಬೇಗ ಗುಜರಿ ಸೇರುತ್ತದೆ. ಅದಕ್ಕೆ ತೂಕದ ಬೆಲೆಯೂ ಇಲ್ಲ.

ಆ ವಿದ್ಯೆಯ ಒಂದು ಸೂತ್ರವನ್ನು ಇಲ್ಲಿ ಹೇಳಿ ಮುಗಿಸಬಹುದು. ಎಣ್ಣೆ ಕುಡಿದ ತಿರುಪನ್ನು ಮೊದಲು ಬಿಚ್ಚುವ ಕಡೆಗೇ ಎಳೆಯಬಾರದು. ಹಿತ್ತಾಳೆಯ ಸುತ್ತಿಗೆಯಿಂದ ಹಗುರವಾಗಿ ತಟ್ಟಿ, ಕೂದಲೆಳೆಯಷ್ಟು ಬಿಗಿಯುವ ಕಡೆಗೆ ತಿರುಗಿಸಬೇಕು. ತುಕ್ಕಿನ ಬೆಸುಗೆ ಮುರಿದ ಸಣ್ಣ ಸದ್ದು ಆಗ ಕೇಳುತ್ತದೆ. ಅನಂತರ ಅಷ್ಟೇ ಹಿಂದಕ್ಕೆ. ಮತ್ತೆ ಎಣ್ಣೆ, ಮತ್ತೆ ಮುಂದಕ್ಕೆ, ಮತ್ತೆ ಹಿಂದಕ್ಕೆ. ಪ್ರತಿ ಸಲವೂ ಪುಡಿಯಾದ ತುಕ್ಕು ಎಣ್ಣೆಯೊಡನೆ ಕೆಂಪಗೆ ಹೊರಬರುತ್ತದೆ. ಎಣ್ಣೆ ತಿಳಿಯಾಗಿ ಬರತೊಡಗಿದಾಗ ತಿರುಪು ಕೈಬೆರಳಿಗೇ ತಿರುಗುತ್ತದೆ.

(ಬಾನುಲಿ ಭಾಷಣದ ಲಿಖಿತ ರೂಪ)